ಪಂಚಾಕ್ಷರಪ್ಪನವರ ಮೊದಲನೇ ಓಟು

ಪಂಚಾಕ್ಷರಪ್ಪನವರ ಕೈಗೆ ಒಂದು ಕಾಗದ ಸಿಕ್ಕಿತೆಂದರೆ, ಅದರ ಕೆಳಗಿನ ಬಲಮೂಲೆಯಲ್ಲಿ ಅವರ ಕಿರುಸಹಿಯೂ ತಾರೀಖೂ ಬೀಳದೆ ಅದು ಮುಂದಕ್ಕೆ ಹೋಗುತ್ತಿರಲಿಲ್ಲ. ಶಿಕಾರಿಪುರದ ಒಂದು ಸರ್ಕಾರಿ ಕಚೇರಿಯಲ್ಲಿ ಮೂವತ್ತಮೂರು ವರ್ಷದಿಂದ ಟಪಾಲು ನೋಡಿಕೊಂಡು ಬಂದವರು ಅವರು. ಇಲಾಖೆಯ ಹೆಸರು ಬೇಡ, ಹೇಳಿದವರಿಗೂ ಒಂದು ನೋಟಿಸು ಬಂದೀತು. ಬಂದ ಕಾಗದಕ್ಕೊಂದು ಸಹಿ, ಹೋದ ಕಾಗದಕ್ಕೊಂದು ಸಹಿ, ಎಲ್ಲಿಗೂ ಹೋಗದೆ ಕಡತದಲ್ಲೇ ಮಲಗಿದ ಕಾಗದಕ್ಕೆ ಎರಡು ಸಹಿ. ಯಾರಾದರೂ ಮದುವೆಯ ಕರೆಯೋಲೆ ಕೊಟ್ಟರೆ ಹೆಣ್ಣು ಯಾರು ಗಂಡು ಯಾರು ಎಂದು ನೋಡುವ ಮೊದಲೇ ಮೂಲೆಗೆ ಸಹಿ ಬೀಳುತ್ತಿತ್ತು. ಮನೆಯ ದಿನಸಿ ಚೀಟಿಯೂ ಇದಕ್ಕೆ ಹೊರತಲ್ಲ. "ನನ್ನ ಬೆನ್ನ ಮೇಲೊಂದು ಹಾಕಿಲ್ಲ, ಅಷ್ಟೇ ಪುಣ್ಯ" ಎಂದು ಹೆಂಡತಿ ನಿರ್ಮಲಮ್ಮ ಅಕ್ಕಪಕ್ಕದವರ ಹತ್ತಿರ ಹೇಳಿಕೊಳ್ಳುತ್ತಿದ್ದರು.

ಇಂಥ ಅಚ್ಚುಕಟ್ಟಿನ ಮನುಷ್ಯನಿಗೆ ಒಂದೇ ಒಂದು ಕೊರಗು. ಜನ್ಮದಲ್ಲಿ ಓಟು ಹಾಕಿರಲಿಲ್ಲ.

ಹಾಕಬಾರದು ಎಂದೇನೂ ಅಲ್ಲ. ಚುನಾವಣೆ ಬಂತೆಂದರೆ ಅವರಿಗೆ ಡ್ಯೂಟಿ ಬರುತ್ತಿತ್ತು, ಅದೂ ಪಕ್ಕದ ಕ್ಷೇತ್ರದಲ್ಲಿ. ಎಷ್ಟೋ ಊರುಗಳ ಮತಗಟ್ಟೆಯಲ್ಲಿ ಕೂತು ಸಾವಿರಾರು ಬೆರಳಿಗೆ ಶಾಯಿ ಹಚ್ಚಿದರು. ತಮ್ಮ ಬೆರಳು ಮಾತ್ರ ಹುಟ್ಟಿದಾಗ ಹೇಗಿತ್ತೋ ಹಾಗೇ ಇತ್ತು. ಡ್ಯೂಟಿಯವರಿಗೆ ಅಂಚೆ ಮತಪತ್ರ ಕೊಡುತ್ತಾರೆ, ನಿಜ. ಒಂದು ಸಲ ಅರ್ಜಿ ಹಾಕಲು ಮರೆತರು. ಇನ್ನೊಂದು ಸಲ ಮತಪತ್ರ ಮನೆಗೆ ಬರುವ ಹೊತ್ತಿಗೆ ಗೆದ್ದವರ ಮೆರವಣಿಗೆ ಮನೆ ಮುಂದೆ ಹಾದುಹೋಗುತ್ತಿತ್ತು. ಮತ್ತೊಂದು ಸಲದ್ದು ಬೀರುವಿನಲ್ಲಿ ಇಟ್ಟಲ್ಲೇ ಉಳಿಯಿತು. ಈಗ ನಿವೃತ್ತಿಗೆ ಎರಡು ವರ್ಷ. ನೌಕರನಾಗಿ ಓಟು ಹಾಕಲು ಉಳಿದಿದ್ದ ವಿಧಾನಸಭೆ ಚುನಾವಣೆ ಇದೊಂದೇ.

ಇಷ್ಟಾದರೂ ಅವರು ಸುಮ್ಮನಿರುತ್ತಿದ್ದರೇನೋ. ಆದರೆ ಅವರು ತಾಲ್ಲೂಕಿನ ಗುಮಾಸ್ತರ ಸಂಘದ ಕಾರ್ಯದರ್ಶಿ. ಹಿಂದಿನ ವರ್ಷ ಪಿಂಚಣಿಯ ಮನವಿ ಹಿಡಿದುಕೊಂಡು ಸಂಘದವರೆಲ್ಲ ಒಬ್ಬ ಮುಖಂಡರ ಮನೆಗೆ ಹೋಗಿದ್ದರು. ಗೇಟಿನ ಹತ್ತಿರ ಎರಡು ಗಂಟೆ ನಿಂತ ಮೇಲೆ ಆಪ್ತ ಸಹಾಯಕ ಹೇಮಂತ್ ಬಂದು ಮನವಿ ಇಸಕೊಂಡು, ಅದರಿಂದಲೇ ಗಾಳಿ ಹಾಕಿಕೊಳ್ಳುತ್ತಾ ಹೇಳಿದ್ದ: "ನೀವು ನಲವತ್ತು ಜನ ಇದ್ರೇನು, ನಾನೂರು ಜನ ಇದ್ರೇನ್ರೀ? ಅರ್ಧ ಜನ ಓಟೇ ಹಾಕಲ್ಲ. ಹಾಕಿದೋರದ್ದು ಸಹಿ ಇಲ್ಲ, ಅದಿಲ್ಲ ಇದಿಲ್ಲ ಅಂತ ತಿರಸ್ಕೃತ ಆಗಿರುತ್ತೆ. ನಮ್ಮ ಲೆಕ್ಕದಾಗೆ ನೀವು ಇಲ್ಲ, ಹೋಗ್ರಿ."

ಆ ಮಾತು ಪಂಚಾಕ್ಷರಪ್ಪನವರ ಎದೆಗೆ ಮುಳ್ಳಿನಂತೆ ಚುಚ್ಚಿಕೊಂಡಿತು. ಚುನಾವಣೆ ಘೋಷಣೆಯಾದ ಕೂಡಲೇ ಸಂಘದ ಸಭೆ ಕರೆದು ಭಾಷಣ ಮಾಡಿದರು.

"ನಮ್ಮ ಸಂಬಳ, ವರ್ಗಾವಣೆ, ಪಿಂಚಣಿ ಎಲ್ಲಾ ತೀರ್ಮಾನ ಆಗೋದು ವಿಧಾನಸೌಧದಾಗೆ. ಅಲ್ಲಿ ಕೂರೋರನ್ನ ಆರಿಸೋ ದಿನ ನಾವು ಬ್ಯಾರೆ ಊರಾಗೆ ಮಿಷನ್ ಕಾಯ್ತಾ ಕೂತಿರ್ತೀವಿ. ಆಮೇಲೆ ಐದು ವರ್ಷ ಗೇಟಿನ ಮುಂದೆ ನಿಲ್ತೀವಿ. ಯಾರಿಗೆ ಹಾಕ್ರಿ ಅಂತ ನಾನು ಹೇಳಲ್ಲ, ಹೇಳಿದ್ರೆ ಅಮಾನತು ಆಗ್ತೀನಿ. ಆದ್ರೆ ಹಾಕ್ರಿ!"

ಚಪ್ಪಾಳೆ ಬಿತ್ತು. ಹಿಂದಿನ ಸಾಲಿನಿಂದ ಸಂಘದ ಉಪಾಧ್ಯಕ್ಷ ಮಾಲತೇಶ್ ಎದ್ದ. ಪಂಚಾಕ್ಷರಪ್ಪನವರ ಸ್ಥಾನದ ಮೇಲೆ ಅವನ ಕಣ್ಣು ಬಿದ್ದು ಬಹಳ ದಿನವಾಗಿತ್ತು. ಸಂಘದ ವಾಟ್ಸಾಪ್ ಗುಂಪಿನಲ್ಲಿ ತಾನು ಹಾಕಿದ ಜೋಕನ್ನು ಕಾರ್ಯದರ್ಶಿ ಅಳಿಸಿ ಹಾಕಿದರೆಂದು ಮುನಿಸಿಕೊಂಡು ಅವನು ಗುಂಪಿನಿಂದಲೇ ಹೊರಬಿದ್ದಿದ್ದ.

"ಕಾರ್ಯದರ್ಶಿಗಳು ಇಲ್ಲೀತನಕ ಎಷ್ಟು ಓಟು ಹಾಕ್ಯಾರೆ, ಸ್ವಲ್ಪ ಸಭೆಗೆ ತಿಳಿಸ್ಲಿ" ಎಂದ.

ಸಭೆ ನಕ್ಕಿತು. ಪಂಚಾಕ್ಷರಪ್ಪನವರ ಕಿವಿ ಕೆಂಪಾಯಿತು.

"ಬರ್ಕೊಳ್ರಿ" ಎಂದರು. "ಈ ಸಲ ನಾನು ಓಟು ಹಾಕ್ತೀನಿ. ಸೊರಬಕ್ಕೆ ಡ್ಯೂಟಿ ಬಿದ್ದಿರೋ ನಮ್ಮ ನಲವತ್ತೊಂದು ಜನಾನೂ ಹಾಕ್ತಾರೆ. ಅದರಾಗೆ ಒಂದೇ ಒಂದು ತಿರಸ್ಕೃತ ಆದ್ರೂ ಕಾರ್ಯದರ್ಶಿ ಸ್ಥಾನಕ್ಕೆ ರಾಜೀನಾಮೆ ಕೊಡ್ತೀನಿ!"

ಮಾಲತೇಶ್ ಇದನ್ನು ನಡಾವಳಿ ಪುಸ್ತಕದಲ್ಲಿ ಬರೆಸಿದ. ಪಂಚಾಕ್ಷರಪ್ಪನವರು ಅದರ ಕೆಳಗೆ ಸಹಿ ಹಾಕಿದರು.

ಸೊರಬದ ಒಂದು ಕಾಲೇಜಿನಲ್ಲಿ ಚುನಾವಣಾ ಸಿಬ್ಬಂದಿಗೆ ತರಬೇತಿ ಇತ್ತು. ಪಕ್ಕದ ಕೋಣೆಯಲ್ಲೇ ಅಂಚೆ ಮತದಾನ. ಅದಕ್ಕೆ ಅಂದೇ ಕೊನೆಯ ದಿನ, ಸಂಜೆ ಐದರವರೆಗೆ. ನಲವತ್ತೊಂದು ಜನ ಬೆಳಗಿನ ಬಸ್ಸಿಗೆ ಹೋಗಿ ಇಳಿದರು. ಪಂಚಾಕ್ಷರಪ್ಪನವರು ಇಸ್ತ್ರಿ ಮಾಡಿದ ಬಿಳಿ ಶರ್ಟು ಹಾಕಿದ್ದರು, ಹಣೆಗೆ ಮೂರು ಬೆರಳು ವಿಭೂತಿ. ಎಲ್ಲರಿಗಿಂತ ಮೊದಲು ಮತದಾನದ ಕೋಣೆಗೆ ನುಗ್ಗಿದರು.

ಪಟ್ಟಿ ಹಿಡಿದು ಕೂತಿದ್ದವಳು ವಾಣಿಶ್ರೀ ಎಂಬ ಸೊರಬದ ಹುಡುಗಿ, ಕೆಲಸಕ್ಕೆ ಸೇರಿ ವರ್ಷವಾಗಿತ್ತಷ್ಟೇ. ಪಟ್ಟಿ ನೋಡಿದಳು, ಅವರ ಅರ್ಜಿಯ ಲಕೋಟೆ ನೋಡಿದಳು, ಅದರೊಳಗಿನ ಕಾಗದ ತೆಗೆದು ಬೆಳಕಿಗೆ ಹಿಡಿದಳು.

"ಸರ್, ನಿಮ್ಮ ಅರ್ಜಿ ಬಂದಿದೆ. ಆದ್ರೆ ಇದು ಜೆರಾಕ್ಸ್ ಅಲ್ವಾ?"

ಹೌದು, ಜೆರಾಕ್ಸೇ. ಮೇಲೆ ನೇರಳೆ ಶಾಯಿಯಲ್ಲಿ 'ಕಚೇರಿ ಪ್ರತಿ' ಎಂಬ ಮುದ್ರೆ ಬೇರೆ. ನಲವತ್ತೊಂದು ಜನರ ಅರ್ಜಿಯನ್ನೂ ಕಟ್ಟಿ ಕಳಿಸಿದವರು ಸಾಕ್ಷಾತ್ ಪಂಚಾಕ್ಷರಪ್ಪನವರೇ. ನಲವತ್ತು ಜನರ ಮೂಲ ಅರ್ಜಿಗಳು ಸರಿಯಾಗಿ ಬಂದಿದ್ದವು. ತಮ್ಮ ಅರ್ಜಿಯ ಸರದಿ ಬಂದಾಗ ಮಾತ್ರ, ಇದು ಬಹಳ ಮುಖ್ಯವಾದ ಕಾಗದ, ಜೋಪಾನವಾಗಿರಬೇಕು ಎಂದುಕೊಂಡು ಮೂಲವನ್ನು ಕಡತಕ್ಕೆ ಸೇರಿಸಿ ಕಚೇರಿ ಪ್ರತಿಯನ್ನು ಕಳಿಸಿಬಿಟ್ಟಿದ್ದರು.

"ಹೊಸದಾಗಿ ಬರ್ದು ಕೊಡ್ಲಾ?" ಎಂದರು.

"ಹೊಸ ಅರ್ಜಿ ತಗೊಳ್ಳೋ ದಿನ ಮುಗೀತಲ್ಲ ಸರ್. ಮೂಲ ತನ್ನಿ, ಐದರ ಒಳಗೆ ಬಂದ್ರೆ ಮತಪತ್ರ ಕೊಡಬಹುದು ಅಂತ ಪಕ್ಕದ ಮೇಜಿನ ಸಾಹೇಬ್ರು ಹೇಳ್ತಿದ್ದಾರೆ. ಗಾಬರಿ ಮಾಡ್ಕಬೇಡಿ."

ಗಾಬರಿ ಮಾಡಿಕೊಳ್ಳುವ ಕೆಲಸವನ್ನು ಸಹೋದ್ಯೋಗಿಗಳು ಆಗಲೇ ವಹಿಸಿಕೊಂಡಿದ್ದರು. "ಅಫಿಡವಿಟ್ ಮಾಡಿಸ್ರಿ" ಎಂದರು ಒಬ್ಬರು. "ಮೇಲಿನೋರಿಗೆ ಫೋನ್ ಹಚ್ರಿ" ಎಂದರು ಮತ್ತೊಬ್ಬರು. "ಅಂಚೆ ಓಟು ಎಣಿಸೋದೇ ಇಲ್ಲಂತ್ರೀ, ಸುಮ್ನೆ ಉಪ್ಪಿಟ್ಟು ತಿನ್ರಿ" ಎಂದರು ಮೂರನೆಯವರು. ಸಂಘದ ಅಧ್ಯಕ್ಷ ಗುರುಮಲ್ಲಪ್ಪನವರು ಎಲ್ಲರ ಮಾತಿಗೂ ಹೌದೌದು ಎಂದು ತಲೆ ಆಡಿಸಿದರು. ಮಾಲತೇಶ್ ಮಾತ್ರ ಗಡಿಯಾರ ನೋಡಿ ಮುಗುಳ್ನಕ್ಕ. ಆ ನಗುವೇ ಪಂಚಾಕ್ಷರಪ್ಪನವರನ್ನು ಬಸ್ ನಿಲ್ದಾಣದವರೆಗೆ ಓಡಿಸಿತು.

ಬಸ್ ಹತ್ತಿದ ಮೇಲೆ ಇನ್ನೊಂದು ವಿಷಯ ನೆನಪಾಯಿತು. ಕಚೇರಿಯವರೆಲ್ಲ ತರಬೇತಿಗೆ ಬಂದಿರುವಾಗ ಬೀಗ ತೆಗೆಯುವವರು ಯಾರು? ಕಚೇರಿಯಲ್ಲಿ ಜವಾನರ ಕೆಲಸ ಮಾಡುವ ಹನುಮಮ್ಮನಿಗೆ ಫೋನ್ ಮಾಡಿದರು.

"ಕೀಲಿ ನನ್ನ ಹತ್ರನೇ ಐತೆ ಸಾಹೇಬ್ರೆ" ಎಂದಳು ಹನುಮಮ್ಮ. ಹಿಂದಿನಿಂದ ಟೊಮೆಟೊ ಮಾರುವವರ ಕೂಗು ಕೇಳುತ್ತಿತ್ತು. "ನಾನು ಶಿರಾಳಕೊಪ್ಪದ ಸಂತ್ಯಾಗೆ ಅದೀನಿ. ಇಲ್ಲೇ ಇಳ್ಕೊಳ್ರಿ."

ಆ ಫೋನ್ ಇಟ್ಟ ಕೂಡಲೇ ಇನ್ನೊಂದು ಬಂತು. ಸಂಘದ ಚಂದ್ರಶೇಖರ್, ಸೊರಬದ ಕೋಣೆಯಿಂದ.

"ಸರ್, ಇಲ್ಲಿ ಎಲ್ರಿಗೂ ಗೊಂದಲ ಆಗ್ಯದ. ಒಂದು ಮತಪತ್ರ, ನಾನೇ ಮತದಾರ ಅನ್ನೋ ಒಂದು ಘೋಷಣೆ ಕಾಗದ, ಒಂದು ಸಣ್ಣ ಕವರು, ಒಂದು ದೊಡ್ಡ ಕವರು ಕೊಟ್ಟಾರೆ. ಸಹಿ ಹಾಕ್ಬೇಕು ಅಂತ ಒಬ್ರು, ಬ್ಯಾಡ ಅಂತ ಒಬ್ರು. ಏನ್ ಮಾಡೋಣ್ರಿ?"

ವಿಧಾನವೆಲ್ಲ ಆ ಕೋಣೆಯ ಗೋಡೆಯ ಮೇಲೆ ದೊಡ್ಡ ಅಕ್ಷರದಲ್ಲಿ ಅಂಟಿಸಿತ್ತು. ಆದರೆ ಅಲ್ಲಿದ್ದವರೆಲ್ಲ ಇಪ್ಪತ್ತು ಮೂವತ್ತು ವರ್ಷ ಗೋಡೆಗೆ ಸೂಚನೆ ಅಂಟಿಸಿದವರು. ಅಂಟಿಸುವವರು ಓದುವುದಿಲ್ಲ.

ಬಸ್ಸಿನಲ್ಲಿ ಕಾಲಿಡಲು ಜಾಗವಿರಲಿಲ್ಲ. ಯಾರದೋ ಸೊಪ್ಪಿನ ಗಂಟು ಪಂಚಾಕ್ಷರಪ್ಪನವರ ಮುಖಕ್ಕೆ ಒರಗಿತ್ತು, ಕಂಡಕ್ಟರ್ ಚಿಲ್ಲರೆಗಾಗಿ ಬೆನ್ನು ತಟ್ಟುತ್ತಿದ್ದ. 'ಸಹಿ ಇಲ್ಲ' ಎಂಬ ಹೇಮಂತನ ಮಾತು ನೆನಪಾಗಿ ಮೈ ಉರಿಯಿತು. ಒಬ್ಬೊಬ್ಬರಿಗೆ ಹೇಳುತ್ತಾ ಕೂರುವುದೇಕೆಂದು ಸಂಘದ ಗುಂಪಿಗೇ ಒಂದು ಧ್ವನಿ ಸಂದೇಶ ಕಳಿಸಿದರು:

"ಕೇಳ್ರಪ್ಪ, ಹೋದ ಸಲ ಸಹಿ ಇಲ್ದೇನೇ ನಮ್ಮ ಮರ್ಯಾದೆ ಹೋಗಿದ್ದು. ಕವರಿನ ಒಳಗೆ ಹೋಗೋ ಯಾವ ಕಾಗದಾನೂ ಸಹಿ ಇಲ್ದೆ ಹೋಗ್ಬಾರ್ದು. ಸರ್ಕಾರಿ ನೌಕರರು ಅನ್ನೋದು ನೆನಪಿರ್ಲಿ!"

ಉತ್ತರವಾಗಿ ಗುಂಪಿನಲ್ಲಿ ಎತ್ತಿದ ಹೆಬ್ಬೆರಳಿನ ಗುರುತುಗಳು, ನಲವತ್ತಕ್ಕೆ ಒಂದು ಕಮ್ಮಿ, ಬಂದವು. ತಲೆಬಿಸಿ ಒಂದು ಕಳೆಯಿತು ಎಂದು ಅವರು ಸೊಪ್ಪಿನ ಗಂಟನ್ನು ಪಕ್ಕಕ್ಕೆ ತಳ್ಳಿದರು.

ಶಿರಾಳಕೊಪ್ಪದ ಸಂತೆಯಲ್ಲಿ ಹನುಮಮ್ಮನನ್ನು ಹುಡುಕುವುದು ಕಡತದಲ್ಲಿ ಕಳೆದ ಕಾಗದ ಹುಡುಕಿದಂತೆ ಆಯಿತು. ಈರುಳ್ಳಿ ರಾಶಿಯ ಹತ್ತಿರ ಎಂದು ಫೋನಿನಲ್ಲಿ ಅಂದಳು, ಅಲ್ಲಿ ಏಳು ಈರುಳ್ಳಿ ರಾಶಿ. ಕೊನೆಗೆ ನೋಡಿದರೆ ಬಟ್ಟೆ ಅಂಗಡಿಯ ನೆರಳಲ್ಲಿ ಕೂತು ಎಲೆಗೆ ಸುಣ್ಣ ಹಚ್ಚುತ್ತಿದ್ದಳು. ಸೊಂಟದ ಸಂಚಿಯಿಂದ ಎಲೆ, ಅಡಿಕೆ, ಸುಣ್ಣದ ಡಬ್ಬಿ, ಮೊಮ್ಮಗಳ ಬಳೆ, ಎಲ್ಲ ಒಂದೊಂದಾಗಿ ಹೊರಬಂದ ಮೇಲೆ ಕೀಲಿ ಬಂತು.

"ಏನ್ ಸಾಹೇಬ್ರೆ, ಒಂದು ಓಟಿಗೆ ಇಷ್ಟೊಂದು ಓಡಾಟಾನಾ?" ಎಂದಳು. "ನಾನು ಬಳ್ಳಿಗಾವಿ ಸಾಲ್ಯಾಗೆ ಒಂದು ಸಲಾನೂ ತಪ್ಸಿಲ್ಲ. ಹೋಗೋದು, ಒತ್ತೋದು, ಕುಂಯ್ ಅಂತದೆ, ಬರೋದು. ಓದಿದೋರಿಗೆ ಯಾಕ್ರೀ ಇಷ್ಟು ಕಷ್ಟ?"

ಈ ಪ್ರಶ್ನೆ ಪಂಚಾಕ್ಷರಪ್ಪನವರನ್ನೂ ಬೆಳಗಿನಿಂದ ಕಾಡುತ್ತಿತ್ತು. ಹನುಮಮ್ಮ ಎರಡು ಕಟ್ಟು ಮೆಂತ್ಯದ ಸೊಪ್ಪು ಅವರ ಕೈಗಿಟ್ಟು, "ಅಮ್ಮಾರಿಗೆ ಕೊಡ್ರಿ" ಎಂದಳು. ಬೇಡ ಎನ್ನಲೂ ಹೊತ್ತಿರಲಿಲ್ಲ.

ಶಿಕಾರಿಪುರದ ಕಚೇರಿ ತಲುಪಿದಾಗ ಒಂದು ಗಂಟೆ. ಮೂಲ ಅರ್ಜಿ ಇಟ್ಟಲ್ಲೇ ಇತ್ತು, ಅವರು ಇಟ್ಟದ್ದು ಎಂದೂ ಕಳೆದದ್ದಿಲ್ಲ. ಅದನ್ನು ಕಿತ್ತುಕೊಂಡು ಓಡಿದ್ದರೆ ಒಂದೂಕಾಲಿನ ಬಸ್ಸು ಸಿಗುತ್ತಿತ್ತು. ಆದರೆ ಕಡತದಿಂದ ಕಾಗದ ತೆಗೆದರೆ ಆ ಜಾಗದಲ್ಲಿ ಒಂದು ಟಿಪ್ಪಣಿ ಇಡಬೇಕಲ್ಲ? 'ಮೂಲ ಅರ್ಜಿಯನ್ನು ಸೊರಬಕ್ಕೆ ಖುದ್ದು ಒಯ್ಯಲಾಗಿದೆ' ಎಂದು ಬರೆದು, ಸಹಿ ಮಾಡಿ, ಪುಟಸಂಖ್ಯೆ ಹಾಕಿ, ಆ ಟಿಪ್ಪಣಿಗೊಂದು ಜೆರಾಕ್ಸ್ ತೆಗೆದು ಹೊರಬರುವಷ್ಟರಲ್ಲಿ ಬಸ್ಸು ಧೂಳೆಬ್ಬಿಸಿಕೊಂಡು ಹೋಗುತ್ತಿತ್ತು.

ಮುಂದಿನ ಬಸ್ಸಿಗೆ ಶಿರಾಳಕೊಪ್ಪಕ್ಕೆ ಬಂದರು. ಅಲ್ಲಿ ನಿಂತಿದ್ದ ಇನ್ನೊಂದು ಬಸ್ಸಿಗೆ, ಬೋರ್ಡು ಓದುವಷ್ಟು ಸಮಾಧಾನವಿಲ್ಲದೆ, ಹತ್ತಿ ಕೂತರು. ಅರ್ಜಿಯನ್ನು ಎದೆಗವಚಿಕೊಂಡು ಕಣ್ಣು ಮುಚ್ಚಿದ್ದಷ್ಟೇ ಗೊತ್ತು. ಎಚ್ಚರಾದಾಗ ಕಿಟಕಿಯಾಚೆ ಕಂಡ ಊರು ಸೊರಬದ ದಾರಿಯದ್ದಲ್ಲ.

"ಇದು ಯಾವ ಊರ್ರೀ?"

"ಕುಬಟೂರು. ಇದು ಆನವಟ್ಟಿ ಗಾಡಿ ಸ್ವಾಮಿ" ಎಂದ ಕಂಡಕ್ಟರ್. "ಸೊರಬಕ್ಕೆ ಹೋಗೋರು ಇದನ್ಯಾಕೆ ಹತ್ತಿದ್ರಿ?"

ಗಂಟೆ ಮೂರೂವರೆ. ಪಂಚಾಕ್ಷರಪ್ಪನವರಿಗೆ ಅಳು ಬರುವುದೊಂದು ಬಾಕಿ. ರಸ್ತೆ ಬದಿಯಲ್ಲಿ ನಿಂತು, ಐವತ್ತೆಂಟನೇ ವಯಸ್ಸಿನಲ್ಲಿ, ಮೆಂತ್ಯದ ಸೊಪ್ಪನ್ನು ಬಾವುಟದಂತೆ ಬೀಸಿ ಬೈಕುಗಳನ್ನು ತಡೆದರು. ನಾಲ್ಕನೆಯವನು ನಿಂತ. ಸೊರಬಕ್ಕೆ ಬಿಡುತ್ತೇನೆಂದವನು ದಾರಿಯಲ್ಲಿ ಎರಡು ಕಡೆ ಹಾಲಿನ ಕ್ಯಾನು ಇಳಿಸಿ, ಒಂದು ಕಡೆ ಭಾವನ ಮನೆಯಲ್ಲಿ ಚಹಾ ಕುಡಿದ. "ನೀವೂ ಕುಡೀರಿ, ಓಟು ಎಲ್ಲಿಗೆ ಓಡಿ ಹೋಗ್ತದೆ?" ಎಂದ. ಓಟು ಮೂವತ್ತಮೂರು ವರ್ಷದಿಂದ ಓಡಿಹೋಗುತ್ತಲೇ ಇದೆ ಎಂದು ಅವನಿಗೆ ಹೇಳುವುದು ಹೇಗೆ? ಪಂಚಾಕ್ಷರಪ್ಪನವರು ಬಿಸಿ ಚಹಾವನ್ನು ಗಟಗಟ ಕುಡಿದು ನಾಲಿಗೆ ಸುಟ್ಟುಕೊಂಡರು.

ಐದಕ್ಕೆ ಹನ್ನೆರಡು ನಿಮಿಷ ಇರುವಾಗ ಅವರು ಕೋಣೆಯ ಬಾಗಿಲಲ್ಲಿ ನಿಂತರು. ವಿಭೂತಿ ಬೆವರಿಗೆ ಇಳಿದು ಮೀಸೆಯಲ್ಲಿ ಸೇರಿತ್ತು. ಶರ್ಟಿನ ತುಂಬ ಧೂಳು. ವಾಣಿಶ್ರೀ ಎದ್ದು ನಿಂತಳು.

"ಅಯ್ಯೋ ಮಾರಾಯ್ರೆ, ಬಂದ್ರಾ! ಕೂತ್ಕಳಿ, ನೀರು ಕುಡೀರಿ ಮೊದ್ಲು."

ನೀರು ಬೇಡ ಎಂದರು. ಮೂಲ ಅರ್ಜಿ ಸರಿಯಿತ್ತು. ಮತಪತ್ರ ಕೈಗೆ ಬಂತು. ರಟ್ಟಿನ ಮರೆಯ ಹಿಂದೆ ಹೋಗಿ ಪಂಚಾಕ್ಷರಪ್ಪನವರು ಅದನ್ನು ಮೇಜಿನ ಮೇಲೆ ಹರಡಿದರು. ಎಷ್ಟು ಜನರನ್ನು ಇಂಥ ಮರೆಯ ಹಿಂದೆ ಕಳಿಸಿದ್ದರು! ಕುರುಡರನ್ನು ಕೈಹಿಡಿದು ಕರೆದೊಯ್ದಿದ್ದರು, ಮುದುಕಿಯರಿಗೆ ಕುರ್ಚಿ ಹಾಕಿದ್ದರು, ಮದುವೆಯ ಬಾಸಿಂಗದಲ್ಲಿ ಬಂದ ಗಂಡಿಗೆ ಸಾಲು ತಪ್ಪಿಸಿ ದಾರಿ ಬಿಟ್ಟಿದ್ದರು. ಇವತ್ತು ಒಳಗೆ ನಿಂತವರು ತಾವು. ಕಣ್ಣು ಮಂಜಾಯಿತು, ನಾಚಿಕೆಯಿಲ್ಲದೆ ಒರೆಸಿಕೊಂಡರು. ಗುರುತು ಹಾಕಿದರು. ಕಾಗದವನ್ನು ಒಮ್ಮೆ ಕಣ್ತುಂಬ ನೋಡಿ, ಮಾಡಬೇಕಾದ್ದನ್ನೆಲ್ಲ ಮಾಡಿ, ಮಡಚಿ, ಸಣ್ಣ ಕವರಿಗೆ ಹಾಕಿ ಅಂಟಿಸಿದರು. ಘೋಷಣೆಗೆ ಅಧಿಕಾರಿಗಳ ದೃಢೀಕರಣ ಆಯಿತು. ದೊಡ್ಡ ಕವರು ಪೆಟ್ಟಿಗೆಯೊಳಗೆ ಬಿತ್ತು.

ಬಿದ್ದ ಸದ್ದು ಎಷ್ಟು ಹಿತವಾಗಿತ್ತೆಂದರೆ ಇನ್ನೊಂದು ಇದ್ದಿದ್ದರೆ ಅದನ್ನೂ ಹಾಕುತ್ತಿದ್ದರು.

"ಸ್ವೀಕೃತಿ ಕೊಡ್ತೀರೇನಮ್ಮ?" ಎಂದು ಕೇಳಿದರು.

ವಾಣಿಶ್ರೀ ನಕ್ಕಳು. "ಓಟಿಗೆ ಸ್ವೀಕೃತಿ ಎಲ್ಲಿ ಕೊಡ್ತಾರೆ ಸರ್?"

"ಇರ್ಲಿ ಬಿಡ್ರಿ. ನಾಳೆ ಪ್ರಶ್ನೆ ಬಂದ್ರೂ ಭಯ ಇಲ್ಲ. ಮೂಲೇಲಿ ನಂದೊಂದು ಕಿರುಸಹಿ, ತಾರೀಖು ಐತೆ."

ವಾಣಿಶ್ರೀಯ ನಗು ನಿಂತಿತು. "ಯಾವುದ್ರ ಮೂಲೇಲಿ ಸರ್?"

"ಮತಪತ್ರದ್ದು."

"ಮತಪತ್ರದ ಮೇಲೆ ಸಹಿ ಮಾಡಿದ್ರಾ?"

"ಸಣ್ಣದು. ಬಲಮೂಲೇಲಿ. ಯಾಕಮ್ಮ?"

ವಾಣಿಶ್ರೀ ಗೋಡೆಯ ಕಡೆ ಕೈ ತೋರಿಸಿದಳು. ದೊಡ್ಡ ಅಕ್ಷರದಲ್ಲಿತ್ತು. ಸಹಿ ಘೋಷಣೆಗೆ ಮಾತ್ರ. ಮತಪತ್ರದ ಮೇಲೆ ಮತದಾರನ ಗುರುತು ಹತ್ತುವ ಯಾವ ಬರಹ ಇದ್ದರೂ ಆ ಮತ ತಿರಸ್ಕೃತ.

"ಗುಪ್ತ ಮತದಾನ ಅಲ್ವಾ ಸರ್" ಎಂದಳು ಮೆಲ್ಲಗೆ. ಆ ಹುಡುಗಿಗೂ ಪಾಪ ಅನಿಸಿತ್ತು.

ಪಂಚಾಕ್ಷರಪ್ಪನವರು ಗೋಡೆಯನ್ನು ಮೂರು ಸಲ ಓದಿದರು. ಪೆಟ್ಟಿಗೆಯನ್ನು ನೋಡಿದರು. "ಅದನ್ನ ಒಂದು ನಿಮಿಷ ತೆಗೆಯೋಕಾಗಲ್ವೇನಮ್ಮ? ನಾನು ಬರೀ ಅಳಿಸಿ ಕೊಡ್ತೀನಿ" ಎಂದರು. ಆಗುವುದಿಲ್ಲವೆಂದು ಅವರಿಗೂ ಗೊತ್ತಿತ್ತು, ಎಷ್ಟೋ ಪೆಟ್ಟಿಗೆಗೆ ಅರಗು ಹಾಕಿದವರು ಅವರೇ. ಸಹಿ ಮಾಡಬೇಕೆಂದು ಅವರು ಮಾಡಿದ್ದೂ ಅಲ್ಲ. ಕಾಗದ ಮುಂದೆ ಇತ್ತು, ಪೆನ್ನು ಕೈಯಲ್ಲಿತ್ತು, ಉಳಿದದ್ದನ್ನು ಮೂವತ್ತಮೂರು ವರ್ಷದ ಕೈ ತಾನಾಗಿ ಮಾಡಿ ಮುಗಿಸಿತ್ತು.

ಐದು ಗಂಟೆಗೆ ಪೆಟ್ಟಿಗೆಗೆ ಮೊಹರು ಬಿತ್ತು.

ಹೊರಗೆ ಬಸ್ ನಿಲ್ದಾಣದ ಕಡೆ ನಡೆಯುತ್ತಾ ಅವರಿಗೆ ಮೆಲ್ಲಗೆ ಒಂದು ಸಮಾಧಾನ ಹುಟ್ಟಿತು. ಗೊತ್ತಿರುವುದು ಈ ಹುಡುಗಿಗೆ ಮಾತ್ರ. ಎಣಿಕೆಯ ದಿನ ಒಂದು ತಿರಸ್ಕೃತ ಎಂದು ಬಂದರೆ ಅದು ಯಾರದ್ದಾದರೂ ಇರಬಹುದು. ಸುಮ್ಮನಿದ್ದರಾಯಿತು. ಸಂಘದ ನಲವತ್ತು ಓಟು ಭದ್ರವಾಗಿ ಪೆಟ್ಟಿಗೆಯಲ್ಲಿವೆ, ತಮ್ಮದೊಂದು ಹೋದರೆ ಹೋಯಿತು. ಹೋದದ್ದು ಅದೊಂದೇ ಆದರೂ ಅವರ ಹತ್ತಿರ ಇದ್ದದ್ದೂ ಅದೊಂದೇ.

ಬಸ್ಸಿನಲ್ಲಿ ಸಂಘದವರೆಲ್ಲ ಆಗಲೇ ಕೂತಿದ್ದರು. 'ಹಾಕಿದ್ರಾ?' ಎಂದು ನಲವತ್ತು ಕತ್ತುಗಳು ತಿರುಗಿದವು. "ಹಾಕಿದೆ" ಎಂದರು. ಅದು ಸುಳ್ಳಲ್ಲ. ಬಸ್ಸು ಚಪ್ಪಾಳೆಯಿಂದ ತುಂಬಿತು. ಚಂದ್ರಶೇಖರ್ ಎದ್ದು ಅವರಿಗೆ ಕಿಟಕಿ ಸೀಟು ಬಿಟ್ಟುಕೊಟ್ಟ.

"ಸರ್, ನಿಮ್ಮ ಮೆಸೇಜ್ ಬರ್ದೇ ಇದ್ದಿದ್ರೆ ನಾವೆಲ್ಲ ಕೆಟ್ಟಿದ್ವಿ" ಎಂದ. "ನೀವು ಹೇಳಿದ ಮೇಲೆ ಒಬ್ಬರೂ ತಪ್ಪಿಲ್ಲ. ಕವರಿನೊಳಗೆ ಹೋದ ಎಲ್ಲಾ ಕಾಗದಕ್ಕೂ ಸಹಿ ಹಾಕೀವಿ."

ಪಂಚಾಕ್ಷರಪ್ಪನವರು ಕಿಟಕಿಯಿಂದ ಅವನ ಕಡೆ ತಿರುಗಿದರು. "ಎಲ್ಲಾ ಅಂದ್ರೆ?"

"ಎಲ್ಲಾ ಅಂದ್ರೆ ಎಲ್ಲಾ. ಮತಪತ್ರಕ್ಕೂ."

"ನಾನಂತೂ ಪೂರ್ತಿ ಸಹಿ ಹಾಕೀನಿ" ಎಂದರು ಮುಂದಿನ ಸೀಟಿನಿಂದ ಅಧ್ಯಕ್ಷ ಗುರುಮಲ್ಲಪ್ಪನವರು. "ಕೆಳಗೆ 'ಅಧ್ಯಕ್ಷರು' ಅಂತಾನೂ ಬರ್ದೀನಿ. ಯಾರಿಗೂ ಅನುಮಾನ ಬರ್ಬಾರ್ದು ನೋಡ್ರಿ."

ಹಿಂದಿನ ಸೀಟಿನಲ್ಲಿ ಯಾರೋ ಕಿಸಕ್ಕೆಂದು ನಕ್ಕರು. ಮಾಲತೇಶ್. ದಿನವಿಡೀ ತರಬೇತಿಯಲ್ಲಿ ಬೇಸರ ಬಂದು ಅವನು ಸೂಚನೆಗಳ ಕೈಪಿಡಿಯನ್ನು ಓದಿಬಿಟ್ಟಿದ್ದ. ಆ ಬಸ್ಸಿನಲ್ಲಿ ಅದನ್ನು ಓದಿದವನು ಅವನೊಬ್ಬನೇ. ಗುಂಪಿನಿಂದ ಹೊರಬಿದ್ದಿದ್ದರಿಂದ ಧ್ವನಿ ಸಂದೇಶವನ್ನು ಕೇಳದವನೂ ಅವನೊಬ್ಬನೇ. ಎದ್ದು ನಿಂತು, ನಾಲ್ಕನೇ ಪುಟ ತೆರೆದು, ಶಾಲೆಯಲ್ಲಿ ಪಾಠ ಓದುವಂತೆ ಗಟ್ಟಿಯಾಗಿ ಓದಿದ.

ಬಸ್ಸು ಹೊರಟಿತು.

"ಅಂದ್ರೆ..." ಎಂದರು ಗುರುಮಲ್ಲಪ್ಪನವರು.

"ಅಂದ್ರೆ ನಲವತ್ತೊಂದರಾಗೆ ಎಣಿಕೆಗೆ ಬರೋದು ನಂದೊಂದೇ" ಎಂದ ಮಾಲತೇಶ್. "ಇಲ್ಲಾ, ಕಾರ್ಯದರ್ಶಿಗಳದ್ದೂ ಸೇರಿ ಎರಡಾ?"

ಎಲ್ಲರೂ ಪಂಚಾಕ್ಷರಪ್ಪನವರನ್ನು ನೋಡಿದರು. ಈಗಲೂ ಸುಳ್ಳು ಹೇಳಬಹುದಿತ್ತು. ಅವರು ಮೆಂತ್ಯದ ಸೊಪ್ಪನ್ನು ತೊಡೆಯ ಮೇಲಿಟ್ಟುಕೊಂಡು, ಕಿಟಕಿಯಾಚೆ ನೋಡುತ್ತಾ, "ನಂದೂ ಹೋಯ್ತು" ಎಂದರು.

ಚಂದ್ರಶೇಖರ್ ಗದ್ಗದಿತನಾಗಿ ಹೇಳಿದ: "ನೋಡ್ರಿ, ಲೀಡರ್ ಅಂದ್ರೆ ಹಿಂಗಿರ್ಬೇಕು. ನಮ್ಮ ಜೊತೆಗೆ ತಮ್ಮದನ್ನೂ ಕಳ್ಕೊಂಡ್ರು!"

ಬೈದಿದ್ದರೆ ತಡೆದುಕೊಳ್ಳುತ್ತಿದ್ದರೇನೋ, ಈ ಹೊಗಳಿಕೆಯನ್ನು ಮಾತ್ರ ಪಂಚಾಕ್ಷರಪ್ಪನವರಿಗೆ ತಡೆಯಲಾಗಲಿಲ್ಲ. ಜೇಬಿನಿಂದ ಪೆನ್ನು ತೆಗೆದು, ಕಡತದ ಟಿಪ್ಪಣಿಗೆ ತೆಗೆದಿದ್ದ ಜೆರಾಕ್ಸಿನ ಹಿಂಬದಿಯಲ್ಲಿ ರಾಜೀನಾಮೆ ಬರೆದರು. ಕೊಟ್ಟ ಮಾತಿನ ಉಲ್ಲೇಖ, ಸಭೆಯ ತಾರೀಖು, ಕಾರಣ, ಎಲ್ಲ ಬಂತು. ಬಸ್ಸು ಕುಲುಕಿದರೂ ಸಾಲು ಡೊಂಕಾಗಲಿಲ್ಲ. ಮುಂದಿನ ಸೀಟಿಗೆ ದಾಟಿಸಿದರು.

ಗುರುಮಲ್ಲಪ್ಪನವರು ಕನ್ನಡಕ ಹಾಕಿಕೊಂಡು ಓದಿದರು. ತಿರುಗಿಸಿ ನೋಡಿದರು. ಮತ್ತೆ ಓದಿದರು.

"ಒಕ್ಕಣೆ ಚೆಂದ ಐತ್ರೀ" ಎಂದರು. "ಸಹಿ ಎಲ್ಲೈತೆ?"

ಪಂಚಾಕ್ಷರಪ್ಪನವರು ಬೆಚ್ಚಿಬಿದ್ದರು. ಬಲಮೂಲೆ ಖಾಲಿ ಇತ್ತು. ಮೂವತ್ತಮೂರು ವರ್ಷದಲ್ಲಿ ಮೊದಲ ಸಲ ಅವರ ಕೈಯಿಂದ ಒಂದು ಕಾಗದ ಸಹಿಯಿಲ್ಲದೆ ಮುಂದಕ್ಕೆ ಹೋಗಿತ್ತು.

"ಹಾಕಿಸ್ರಿ, ಹಾಕಿಸ್ರಿ!" ಮಾಲತೇಶ್ ಓಡಿ ಬಂದು ಕಾಗದವನ್ನು ಅವರ ತೊಡೆಯ ಮೇಲೆ ಹರಡಿದ. ಪಂಚಾಕ್ಷರಪ್ಪನವರು ಪೆನ್ನು ಹಿಡಿದು ಮೂಲೆಯವರೆಗೆ ಹೋದರು. ಅಲ್ಲಿಗೆ ಹೋದ ಕೈ ನಿಂತುಬಿಟ್ಟಿತು. ಮತಪತ್ರದ ಮೂಲೆ ಕಣ್ಣಿಗೆ ಕಟ್ಟಿತು, ಪೆಟ್ಟಿಗೆಯ ಮೇಲಿನ ಅರಗು ಕಂಡಿತು. ಬೆರಳುಗಳು ಮರದ ಬೆರಳಿನಂತಾದವು. ಎಷ್ಟು ತಳ್ಳಿದರೂ ಪೆನ್ನು ಮುಂದಕ್ಕೆ ಚಲಿಸಲಿಲ್ಲ.

"ಆಗಲ್ರೀ" ಎಂದರು ದೀನವಾಗಿ. "ಕೈ ಬರ್ತಿಲ್ಲ."

ಗುರುಮಲ್ಲಪ್ಪನವರು ಕಾಗದವನ್ನು ವಾಪಸು ತೆಗೆದುಕೊಂಡು ಮಡಚಿದರು. "ಸಹಿ ಇಲ್ಲದ ಕಾಗದ ನಮ್ಮ ಸಂಘದಾಗೆ ತಿರಸ್ಕೃತ. ನೀವೇ ಮಾಡಿದ ನಿಯಮ. ಕಾರ್ಯದರ್ಶಿ ನೀವೇ. ಫಲಿತಾಂಶ ಬಂದ ಮಾರನೇ ದಿನ ಆ ಹೇಮಂತನ ಗೇಟಿಗೆ ಪಿಂಚಣಿ ಮನವಿ ತಗೊಂಡು ಹೋಗೋರೂ ನೀವೇ. ನಮ್ಮ ಓಟು ಎಷ್ಟು ಅಂತ ಅವನು ಕೇಳ್ತಾನೆ. ಹೇಳಿ ಬರ್ರಿ."

ಇಡೀ ಬಸ್ಸು ಹೌದೆಂದಿತು. ಮಾಲತೇಶ್ ಗೊಣಗುತ್ತಾ ತನ್ನ ಸೀಟಿಗೆ ಹೋದ. ಕಾರ್ಯದರ್ಶಿಯ ಕುರ್ಚಿ ಅವನ ಕೈಗೆ ಒಂದು ಸಹಿಯಷ್ಟು ದೂರದಲ್ಲಿ ತಪ್ಪಿತ್ತು.

ಶಿರಾಳಕೊಪ್ಪದ ಹತ್ತಿರ ಕಂಡಕ್ಟರ್ ಬಂದು ಟಿಕೆಟ್ ಕೊಟ್ಟ. ಪಂಚಾಕ್ಷರಪ್ಪನವರು ಹೇಮಂತನ ಗೇಟಿನ ಬಗ್ಗೆ ಯೋಚಿಸುತ್ತಾ ಹೊರಗೆ ನೋಡುತ್ತಲೇ ಅದನ್ನು ಇಸಕೊಂಡರು. ಊರು ಬಂದು ಇಳಿಯುವಾಗ ಅದನ್ನು ಎಸೆಯಲು ಹೋಗಿ, ಬೀದಿದೀಪದ ಬೆಳಕಿನಲ್ಲಿ ಒಮ್ಮೆ ಕಣ್ಣು ಹಾಯಿಸಿದರು. ಟಿಕೆಟ್ಟಿನ ಕೆಳಗಿನ ಬಲಮೂಲೆಯಲ್ಲಿ, ಸ್ಪಷ್ಟವಾಗಿ, ಅವರ ಕಿರುಸಹಿಯೂ ಆ ದಿನದ ತಾರೀಖೂ ಇದ್ದವು.